ಭೂಮಿ ಕೊಳ್ಳುವವರ ಅಕ್ಷರಾಭ್ಯಾಸ

ಮಠಕ್ಕೆ ಬರುವ ಸದ್ಭಕ್ತರು ಮನೆಯ ಶುಭಕಾರ್ಯದ ಲಗ್ನಪತ್ರಿಕೆಯನ್ನು ಗದ್ದುಗೆಯ ಮುಂದಿಟ್ಟು ಆಶೀರ್ವಾದ ಬೇಡುವುದು ಹಿಂದಿನಿಂದ ನಡೆದುಬಂದ ರೂಢಿ. ಈಚಿನ ಹತ್ತು ಹದಿನೈದು ವರ್ಷಗಳಿಂದ ಲಗ್ನಪತ್ರಿಕೆಗಳ ಜೊತೆಯಲ್ಲಿ ಇನ್ನೊಂದು ಬಗೆಯ ಕಾಗದಗಳೂ ಬಂದು ಕೂಡತೊಡಗಿವೆ. ಅವು ಪ್ಲಾಟಿನ ಕಾಗದಗಳು. ಅವುಗಳ ಮೇಲೆ ಅರಿಷಿಣ ಕುಂಕುಮ ಬಿದ್ದಿರುತ್ತದೆ, ಸುತ್ತ ಹೂವಿನ ಎಸಳು ಅಂಟಿರುತ್ತದೆ. ಒಳಗೆ ಏನು ಬರೆದಿದೆಯೆಂಬುದನ್ನು ತಂದವರು ಓದಿರುವುದಿಲ್ಲ.

ನಾವು ಆ ಕಾಗದಗಳನ್ನು ಬಿಚ್ಚಿ ಓದಿದ ನಂತರವೇ ಅಕ್ಷತೆ ಹಾಕುತ್ತೇವೆ. "ಸ್ವಾಮಿಗಳಿಗೇಕೆ ಈ ಉತಾರದ ಉಸಾಬರಿ?" ಎಂದು ಕೆಲವರು ಮನಸ್ಸಿನಲ್ಲಿ ಅಂದುಕೊಳ್ಳುವುದುಂಟು, ಒಬ್ಬಿಬ್ಬರು ಬಾಯಿಬಿಟ್ಟು ಕೇಳಿದ್ದೂ ಉಂಟು. ವಾಚಕ ಮಹಾಶಯರೇ, ಇದಕ್ಕೆ ಕಾರಣವಿದೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಂತೆ ಗೇಣಿದಾರರು ಸಾಗುವಳಿ ಮಾಡುತ್ತಿದ್ದ ಜಮೀನುಗಳೆಲ್ಲ ಸರಕಾರಕ್ಕೆ ಸೇರಿ, ಅಲ್ಲಿಂದ ಉಳುವವರ ಹೆಸರಿಗೆ ಬಂದವು. ಮಠಗಳ ಹೊಲಗಳೂ ಅದಕ್ಕೆ ಹೊರತಾಗಿರಲಿಲ್ಲ. ಉಳುವವನಿಗೆ ಭೂಮಿ ಸೇರಿದುದು ನ್ಯಾಯವೇ ಸರಿ. ಅದರ ಬಗೆಗೆ ನಮಗೆ ಎಳ್ಳಷ್ಟೂ ಅಸಮಾಧಾನವಿಲ್ಲ. ಆದರೆ ಯಾವ ಸರ್ವೆ ನಂಬರು ಹೋಯಿತು, ಯಾವುದು ಉಳಿಯಿತು, ಉಳಿದುದರಲ್ಲಿ ಎಷ್ಟು ಗುಂಟೆ ರಸ್ತೆಗೆ ಬಿಟ್ಟುಹೋಯಿತು ಎಂಬ ಲೆಕ್ಕ ಮಾತ್ರ ಒಂದು ತಗಡಿನ ಪೆಟ್ಟಿಗೆಯಲ್ಲಿ ಗಂಟುಕಟ್ಟಿ ಬಿದ್ದಿತ್ತು. ನಾವು ಪಾಠಶಾಲೆಯ ಓದು ಮುಗಿಸಿ, ಧಾರವಾಡದ ವಿಶ್ವವಿದ್ಯಾಲಯದಿಂದ ಪದವಿ ಪಡೆದು ಮಠಕ್ಕೆ ಮರಳಿದಾಗ, ಮಠದ ವೃದ್ಧ ಕಾರಭಾರಿಗಳು ಆ ಪೆಟ್ಟಿಗೆಯನ್ನು ಮುಂದಿಟ್ಟು, "ಬುದ್ಧೀ, ಶಾಸ್ತ್ರ ಓದಿ ಬಂದೀರಿ. ಇನ್ನ ಇದನ್ನ ಓದ್ರಿ" ಎಂದರು. ತರ್ಕಸಂಗ್ರಹ ನಮಗೆ ಆರು ತಿಂಗಳಲ್ಲಿ ಬಂದಿತ್ತು. ಆ ಪೆಟ್ಟಿಗೆಯನ್ನು ಓದಲು ಎರಡು ವರ್ಷ ಬೇಕಾಯಿತು.

ಇದನ್ನೆಲ್ಲ ಈಗ ಬರೆಯುವುದಕ್ಕೆ ನಿಮಿತ್ತರಾದವರು ಇಬ್ಬರು. ಮೊದಲನೆಯವರು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕರು. ಮೂವತ್ತೈದು ವರ್ಷ ಹಳ್ಳಿಯ ಮಕ್ಕಳಿಗೆ ಅಕ್ಷರ ಕಲಿಸಿದವರು. ನಿವೃತ್ತಿಯಾದಾಗ ಕೈಗೆ ಬಂದ ಉಪದಾನದ ಹಣದಲ್ಲಿ ಹುಬ್ಬಳ್ಳಿಯ ಹೊರವಲಯದಲ್ಲಿ ಮೂವತ್ತು ನಲವತ್ತರ ಒಂದು ಪ್ಲಾಟು ಹಿಡಿದರು. ಖರೀದಿ ಪತ್ರ ಆಗಿರಲಿಲ್ಲ; ಬಾಂಡು ಕಾಗದದ ಮೇಲೆ ಒಂದು ಕರಾರು ಮತ್ತು ಒಂದು ಮುಖತ್ಯಾರ ಪತ್ರ, ಎರಡಕ್ಕೂ ನೋಟರಿಯವರ ಮುದ್ರೆ. "ಎನ್.ಎ. ಆಗೂತನಕ ಇಷ್ಟ ಇರಲಿ, ಆಮ್ಯಾಲ ಖರೀದಿ ಮಾಡಿಕೊಡ್ತೀವಿ" ಎಂದು ಮಾರಿದವರು ಹೇಳಿದ್ದರಂತೆ. ಆ ಹೊಲ ಬಿನ್‌ಶೇತ್ಕಿಯಾಗಲೇ ಇಲ್ಲ. ಮೂರನೆಯ ವರ್ಷ ಹೊಲದ ಮೂಲ ಒಡೆಯನ ಇಬ್ಬರು ಹೆಣ್ಣುಮಕ್ಕಳು ತಮ್ಮ ಪಾಲು ಕೇಳಿ ನ್ಯಾಯಾಲಯಕ್ಕೆ ಹೋದರು. ಅವರು ಕೇಳಿದ್ದು ತಪ್ಪೆನ್ನುವಂತೆಯೂ ಇರಲಿಲ್ಲ. ಶಿಕ್ಷಕರು ಕಾಗದಗಳನ್ನು ಮಠಕ್ಕೆ ತಂದದ್ದು ಆಮೇಲೆ. ಮಾರಿದವರ ಹೆಸರು ಇಲ್ಲಿ ಬೇಡ. ಹೆಸರು ಬದಲಾಯಿಸಿಕೊಂಡು ಅಂಥವರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ನಮ್ಮನ್ನು ಕಾಡಿದ ಪ್ರಶ್ನೆ ಬೇರೆಯದು. ಸಾವಿರಾರು ಮಕ್ಕಳಿಗೆ ಓದು ಕಲಿಸಿದ ಆ ಹಿರಿಯರಿಗೆ ಈ ನಾಲ್ಕು ಹಾಳೆಗಳನ್ನು ಓದುವುದನ್ನು ಯಾರೂ ಕಲಿಸಿರಲಿಲ್ಲ. ನಮ್ಮ ಶಾಲೆಯಲ್ಲಾಗಲಿ ವಿಶ್ವವಿದ್ಯಾಲಯದಲ್ಲಾಗಲಿ ಈ ಅಕ್ಷರಾಭ್ಯಾಸವಿಲ್ಲ. ಮನುಷ್ಯನು ತನ್ನ ಜೀವಮಾನದಲ್ಲಿ ಒಮ್ಮೆಲೆ ಮಾಡುವ ಅತಿ ದೊಡ್ಡ ವೆಚ್ಚವನ್ನು ಅತಿ ಕಡಿಮೆ ಓದಿನಿಂದ ಮಾಡುತ್ತಾನೆ. ಎಮ್ಮೆ ಕೊಳ್ಳುವಾಗ ಹಲ್ಲು ಎಣಿಸುತ್ತಾನೆ, ಕೆಚ್ಚಲು ಮುಟ್ಟಿ ನೋಡುತ್ತಾನೆ, ಎರಡು ಹೊತ್ತು ಹಿಂಡಿ ನೋಡುತ್ತಾನೆ. ಪ್ಲಾಟು ಕೊಳ್ಳುವಾಗ ಬಣ್ಣದ ಚಿತ್ರ ನೋಡಿ ಸಂಚಕಾರ ಕೊಡುತ್ತಾನೆ.

ಎರಡನೆಯವನು ಬೆಂಗಳೂರಿನಲ್ಲಿ ಇಂಜಿನಿಯರ್ ಆಗಿರುವ ಮೂವತ್ತರ ತರುಣ, ನಮ್ಮ ಸಮೀಪದ ಹಳ್ಳಿಯವನು. ಮನೆ ಕಟ್ಟಿ ವಾಸಿಸುವ ಉದ್ದೇಶ ಅವನಿಗಿರಲಿಲ್ಲ. ಜಮೀನು ಕೊಂಡು ಮಾರುವುದನ್ನೇ ಒಂದು ವ್ಯವಹಾರವಾಗಿ ಹಿಡಿಯಬೇಕೆಂಬ ಆಸೆ.

"ಅಜ್ಜಾರ, ಕೈಯಾಗ ಹದಿನೆಂಟ ಲಕ್ಷ ಐತ್ರಿ. ಬ್ಯಾಂಕಿನಾವ್ರು ಇಪ್ಪತ್ತ ಕೊಡ್ತಾರ್ರಿ. ಮೂರ ವರ್ಷದಾಗ ಎರಡ ಪಟ್ಟ ಆಕ್ಕೈತಿ ಅಂತಾರ್ರಿ" ಎಂದ.

"ಅನ್ನಾವ್ರು ಯಾರಪಾ?" ಎಂದು ಕೇಳಿದೆವು.

ಸ್ವಲ್ಪ ತಡೆದು, "ಪ್ಲಾಟ ಮಾರಾವ್ರರೀ" ಎಂದ. ತಾನೇ ನಕ್ಕ. ಆ ನಗೆಯನ್ನು ಕಂಡ ಮೇಲೆ ಇವನಿಗೆ ಕಲಿಸಬಹುದೆಂಬ ಧೈರ್ಯ ನಮಗೆ ಬಂದಿತು. ಆರು ತಿಂಗಳು ಒಂದು ಗೇಣು ನೆಲವನ್ನೂ ಕೊಳ್ಳಕೂಡದು, ಸಂಚಕಾರವೆಂದು ನೂರು ರೂಪಾಯಿಯನ್ನೂ ಕೊಡಕೂಡದು, ಊರಿಗೆ ಬಂದಾಗಲೆಲ್ಲ ಮಠಕ್ಕೆ ಬರತಕ್ಕದ್ದು ಎಂದು ಹೇಳಿ ಕಳುಹಿಸಿದೆವು.

ಮೊದಲು ಲೆಕ್ಕವನ್ನೇ ಹಿಡಿದೆವು, ಏಕೆಂದರೆ ಇಂಜಿನಿಯರನಾದವನು ಲೆಕ್ಕದ ಮಾತನ್ನು ಬೇಗ ಒಪ್ಪುತ್ತಾನೆ. ಹಣವು ಹತ್ತು ವರ್ಷಕ್ಕೆ ಇಮ್ಮಡಿಯಾದರೆ ಅದು ವರ್ಷಕ್ಕೆ ನೂರಕ್ಕೆ ಏಳು ರೂಪಾಯಿ ಇಪ್ಪತ್ತು ಪೈಸೆಯ ಚಕ್ರಬಡ್ಡಿಗೆ ಸಮ. ಮೂರು ವರ್ಷಕ್ಕೆ ಇಮ್ಮಡಿಯಾಗಬೇಕಾದರೆ ವರ್ಷಕ್ಕೆ ನೂರಕ್ಕೆ ಇಪ್ಪತ್ತಾರು ಬೆಳೆಯಬೇಕು. ಯಾವ ಹೊಲವೂ ಎಲ್ಲ ಕಾಲದಲ್ಲಿಯೂ ಹಾಗೆ ಬೆಳೆಯಲಾರದು. ಇನ್ನು ಸಾಲ. 20 ಲಕ್ಷ ರೂಪಾಯಿಯನ್ನು ನೂರಕ್ಕೆ ಒಂಬತ್ತರ ಬಡ್ಡಿಯಲ್ಲಿ ಇಪ್ಪತ್ತು ವರ್ಷದ ಅವಧಿಗೆ ತಂದರೆ ತಿಂಗಳ ಕಂತು ಸುಮಾರು 18,000. ಇಪ್ಪತ್ತು ವರ್ಷದಲ್ಲಿ ಕಟ್ಟುವುದು 43 ಲಕ್ಷಕ್ಕೂ ಮಿಕ್ಕಿ. ಇದನ್ನು ಅವನೂ ಬಲ್ಲ. ಅವನು ಲೆಕ್ಕ ಹಾಕಿರದಿದ್ದ ಸಂಗತಿಯೆಂದರೆ ಮೊದಲ ಮೂರು ವರ್ಷದ್ದು. ಆ ಮೂರು ವರ್ಷದಲ್ಲಿ ಕಟ್ಟುವ ಸುಮಾರು 6 ಲಕ್ಷ 48 ಸಾವಿರದಲ್ಲಿ ಅಸಲಿಗೆ ಸಲ್ಲುವುದು ಒಂದೂಕಾಲು ಲಕ್ಷ ಮಾತ್ರ, ಉಳಿದುದೆಲ್ಲ ಬಡ್ಡಿ. ಖಾಲಿ ಪ್ಲಾಟು ಬಾಡಿಗೆ ತರುವುದಿಲ್ಲ. ಕರವನ್ನು ಮಾತ್ರ ಬೇಡುತ್ತದೆ. ಮನೆಯಾದರೂ ನಮ್ಮ ನಗರಗಳಲ್ಲಿ ತನ್ನ ಬೆಲೆಯ ಮೇಲೆ ವರ್ಷಕ್ಕೆ ನೂರಕ್ಕೆ ಎರಡು ಮೂರು ರೂಪಾಯಿ ಬಾಡಿಗೆ ತಂದರೆ ಹೆಚ್ಚು. ಕೊಳ್ಳುವಾಗ ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ. ಮಾರುವಾಗ ಲಾಭದ ಮೇಲೆ ಆದಾಯ ತೆರಿಗೆ. ಎರಡೂ ಕಡೆ ದಲ್ಲಾಳಿಯ ಪಾಲು. ಇದಲ್ಲದೆ ಬ್ಯಾಂಕಿನ ಠೇವಣಿಯನ್ನು ನಾಳೆ ಮುರಿಸಬಹುದು, ಬಂಗಾರವನ್ನು ಈ ಸಂಜೆಯೇ ಅಡವಿಡಬಹುದು. ನೆಲವನ್ನು ಮಾರಲು ಕೊಳ್ಳುವವನೊಬ್ಬ ಬರಬೇಕು. ಮಗಳ ಮದುವೆಯ ತಿಂಗಳಲ್ಲಿ ಅವನು ಬರುತ್ತಾನೆಂಬ ಭರವಸೆ ಎಲ್ಲಿದೆ?

ಎರಡನೆಯ ಪಾಠ ಉತಾರದ್ದು. ಮೈಸೂರು ಕಡೆಯವರು ಪಹಣಿಯೆನ್ನುವುದನ್ನೇ ನಮ್ಮ ಕಡೆ ಉತಾರವೆನ್ನುತ್ತಾರೆ. ಈಗ ಅದು ಗಣಕಯಂತ್ರದಿಂದ ಕ್ಷಣಮಾತ್ರದಲ್ಲಿ ಕೈಗೆ ಬರುತ್ತದೆ. ಆದರೆ ಓದುವ ಕಷ್ಟ ಹಿಂದಿನಷ್ಟೇ ಇದೆ. ಮೂರನೆಯ ಕಲಮಿನಲ್ಲಿ ವಿಸ್ತೀರ್ಣ, ಒಂಬತ್ತರಲ್ಲಿ ಕಬ್ಜೇದಾರರ ಹೆಸರು, ಹತ್ತರಲ್ಲಿ ಅವರಿಗೆ ಅದು ಹೇಗೆ ಬಂದಿತೆಂಬುದು, ಹನ್ನೊಂದರಲ್ಲಿ ಇತರರ ಹಕ್ಕು ಮತ್ತು ಋಣ, ಹನ್ನೆರಡರಲ್ಲಿ ಸಾಗುವಳಿ ಮತ್ತು ಬೆಳೆ. ಕೊಳ್ಳುವವರು ಒಂಬತ್ತನೆಯ ಕಲಮನ್ನು ನೋಡಿ, ಹೆಸರು ಸರಿಯಿದೆಯೆಂದು ಸಮಾಧಾನಪಡುತ್ತಾರೆ. ನಮ್ಮ ಕಾರಭಾರಿಗಳು ಮೊದಲು ಹನ್ನೊಂದನ್ನು ನೋಡುತ್ತಿದ್ದರು. ಸೊಸೈಟಿಯ ಬೋಜಾ, ನ್ಯಾಯಾಲಯದ ತಡೆಯಾಜ್ಞೆ, ಭೂಸ್ವಾಧೀನದ ಸೂಚನೆ ಇವೆಲ್ಲ ಅಲ್ಲಿ ಅಡಗಿರುತ್ತವೆ. ಅನಂತರ ಹತ್ತನ್ನು ನೋಡಿ, ಅಲ್ಲಿರುವ ಮ್ಯುಟೇಶನ್ ಸಂಖ್ಯೆಯ ಬೆನ್ನು ಹಿಡಿದು ಹಿಂದಕ್ಕೆ ಹಿಂದಕ್ಕೆ ಹೋಗಬೇಕು. ಮಗನಿಗೆ ತಂದೆಯಿಂದ ಬಂದದ್ದೇ? ವಾಟ್ನಿಯಿಂದ ಬಂದದ್ದೇ? ದರಖಾಸ್ತಿನಲ್ಲಿ ಸರಕಾರದಿಂದ ಬಂದದ್ದೇ? ಪ್ರತಿಯೊಂದಕ್ಕೂ ಕೇಳಬೇಕಾದ ಪ್ರಶ್ನೆ ಬೇರೆ ಬೇರೆ.

ದರಖಾಸ್ತಿನ ಮಾತು ಬಂದುದರಿಂದ ಒಂದನ್ನು ಇಲ್ಲಿಯೇ ಹೇಳಿಬಿಡಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಕುಟುಂಬಗಳಿಗೆ ಸರಕಾರ ಮಂಜೂರು ಮಾಡಿದ ಜಮೀನನ್ನು ಸರಕಾರದ ಪೂರ್ವಾನುಮತಿಯಿಲ್ಲದೆ ಪರಭಾರೆ ಮಾಡಕೂಡದೆಂದು 1978ರ ಕಾಯಿದೆ ವಿಧಿಸುತ್ತದೆ. ಅದು 1979ರ ಜನವರಿ 1ರಿಂದ ಜಾರಿಯಲ್ಲಿದೆ. ಅಂಥ ನೆಲ ನಾಲ್ಕು ಕೈ ದಾಟಿ ಬಂದಿದ್ದರೂ ಮೂಲ ಮಂಜೂರುದಾರನ ಮಕ್ಕಳು ಮರಳಿ ಕೇಳಬಹುದು. ತಡವಾಗಿ ಕೇಳಿದರೆಂಬ ಕಾರಣವನ್ನು ಮುಂದೊಡ್ಡಲು ಆಸ್ಪದವಿರಬಾರದೆಂದು 2023ರಲ್ಲಿ ಶಾಸನವನ್ನು ತಿದ್ದಲಾಯಿತು. "ಇದು ಕೊಂಡವರಿಗೆ ಅನ್ಯಾಯವಲ್ಲವೆ?" ಎಂದು ತರುಣ ಕೇಳಿದ. ಬಡವನ ಕಷ್ಟಕಾಲದಲ್ಲಿ ಅವನ ಭೂಮಿಯನ್ನು ಕವಡೆಯ ಬೆಲೆಗೆ ಬರೆಸಿಕೊಂಡದ್ದು ಅದಕ್ಕೂ ಮೊದಲಿನ ಅನ್ಯಾಯವಲ್ಲವೆ ಎಂದು ನಾವು ಕೇಳಿದೆವು. ಮೂಲ ಮಂಜೂರಾತಿಯ ಆದೇಶವನ್ನು ನೋಡದೆ ಕೊಳ್ಳಹೋದವನಿಗೆ ಕಾಯಿದೆಯನ್ನು ದೂರುವ ಅಧಿಕಾರವಿಲ್ಲವೆಂಬುದು ನಮ್ಮ ಅಭಿಪ್ರಾಯ.

ಇಷ್ಟೆಲ್ಲ ಓದಿದರೂ ಉತಾರವು ಒಡೆತನದ ಪತ್ರವಲ್ಲ ಎಂಬುದು ಹೆಚ್ಚಿನವರಿಗೆ ತಿಳಿಯದ ಮಾತು. 1964ರ ಭೂಕಂದಾಯ ಕಾಯಿದೆಯ 133ನೆಯ ಕಲಮಿನಂತೆ ಹಕ್ಕುದಾಖಲೆಯ ನಮೂದುಗಳನ್ನು, ಅವು ಸುಳ್ಳೆಂದು ಸಿದ್ಧವಾಗುವವರೆಗೆ, ನಿಜವೆಂದು ಭಾವಿಸಲಾಗುತ್ತದೆ, ಅಷ್ಟೆ. ಕಂದಾಯದ ನಮೂದು ಒಡೆತನವನ್ನು ಹುಟ್ಟಿಸಲಾರದೆಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಹಾಗಾದರೆ ನೋಂದಣಿಯಾದ ಖರೀದಿ ಪತ್ರವಿದ್ದರೆ ಸಾಕೆ? ಅದೂ ಸಾಲದು. ದಕ್ಷಿಣ ಆಸ್ಟ್ರೇಲಿಯದಲ್ಲಿ 1858ರಲ್ಲಿ ಆರಂಭವಾದ ಟಾರೆನ್ಸ್ ಪದ್ಧತಿಯಲ್ಲಿ ಸರಕಾರವೇ ಒಡೆತನಕ್ಕೆ ಹೊಣೆ ನಿಲ್ಲುತ್ತದೆ. ನಮ್ಮಲ್ಲಿ 1908ರ ನೋಂದಣಿ ಕಾಯಿದೆಯಡಿ ನೋಂದಣಿಯಾಗುವುದು ಪತ್ರ, ಒಡೆತನವಲ್ಲ. ಮಾರುವವನಿಗೆ ಮಾರುವ ಹಕ್ಕಿತ್ತೇ ಎಂದು ಬೇರು ಅಗೆದು ನೋಡುವುದು ಕೊಳ್ಳುವವನ ಕರ್ತವ್ಯ. ಇನ್ನು ಶಿಕ್ಷಕರ ಬಳಿ ಇದ್ದಂಥ ಕರಾರು ಮತ್ತು ಮುಖತ್ಯಾರ ಪತ್ರದ ಮಾತಂತೂ ಬೇರೆಯೇ. 1882ರ ಸ್ವತ್ತು ವರ್ಗಾವಣೆ ಕಾಯಿದೆಯಂತೆ ಮಾರುವ ಕರಾರಿನಿಂದ ಸ್ವತ್ತಿನಲ್ಲಿ ಯಾವ ಹಕ್ಕೂ ಹುಟ್ಟುವುದಿಲ್ಲ. ಮುಖತ್ಯಾರ ಪತ್ರದ ಮೂಲಕ ನಡೆಯುವ ಮಾರಾಟದಿಂದ ಒಡೆತನ ದಾಟುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿತು. ಹೇಳಿ ಇಷ್ಟು ವರ್ಷಗಳಾದರೂ ಬಾಂಡು ಕಾಗದದ ಮೇಲಿನ ಗುಂಟೆ ಪ್ಲಾಟಿನ ವ್ಯಾಪಾರ ನಿಂತಿಲ್ಲ.

ಋಣಭಾರ ಪತ್ರವೆಂಬ ಇನ್ನೊಂದು ಕಾಗದವಿದೆ. ಎಲ್ಲರೂ ಅದನ್ನು ಇ.ಸಿ. ಎನ್ನುತ್ತಾರೆ. ಕನಿಷ್ಠ ಮೂವತ್ತು ವರ್ಷದ್ದನ್ನು ತೆಗೆಸಬೇಕು. ಆದರೆ ಅದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ನೋಂದಣಿಯಾಗದ ಮೃತ್ಯುಪತ್ರ, ಬಾಯಿಮಾತಿನ ವಾಟ್ನಿ, ಮೂಲಪತ್ರಗಳನ್ನು ಖಾಸಗಿಯವರ ಬಳಿ ಇಟ್ಟು ತಂದ ಕೈಸಾಲ ಇವು ಅದರಲ್ಲಿ ಕಾಣಿಸಲಾರವು. ಆದುದರಿಂದಲೇ ಝೆರಾಕ್ಸ್ ಪ್ರತಿ ತೋರಿಸಿ "ಮೂಲಪತ್ರ ಬೆಂಗಳೂರಾಗ ಅಣ್ಣನ ಮನಿಯಾಗ ಐತಿ" ಎನ್ನುವವರ ಮುಂದೆ ಹಣದ ಚೀಲ ಬಿಚ್ಚಬಾರದು.

ಹೆಣ್ಣುಮಕ್ಕಳ ವಿಷಯಕ್ಕೆ ಬರೋಣ, ಏಕೆಂದರೆ ಇಂದು ನ್ಯಾಯಾಲಯಗಳಲ್ಲಿ ಬಿದ್ದಿರುವ ಎಷ್ಟೋ ಪ್ಲಾಟುಗಳ ಕಥೆ ಇದೇ. ಅವಿಭಕ್ತ ಕುಟುಂಬದ ಸ್ವತ್ತಿನಲ್ಲಿ ಮಗಳಿಗೂ ಮಗನಷ್ಟೇ ಜನ್ಮಸಿದ್ಧ ಹಕ್ಕು ಇದೆಯೆಂಬುದು 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ತಿದ್ದುಪಡಿಯ ತಿರುಳು. ನಮ್ಮ ರಾಜ್ಯದಲ್ಲಿ 1994ರಲ್ಲಿಯೇ, ಆಗ ಮದುವೆಯಾಗದೆ ಇದ್ದ ಹೆಣ್ಣುಮಕ್ಕಳಿಗೆ ಇಂಥ ಹಕ್ಕನ್ನು ಕೊಟ್ಟ ಶಾಸನ ಬಂದಿತ್ತು. 2005ರ ಆ ದಿನ ತಂದೆ ಬದುಕಿರಬೇಕಾದ ಅಗತ್ಯವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2020ರ ಆಗಸ್ಟ್ 11ರಂದು ತೀರ್ಮಾನಿಸಿತು. ಹೀಗಿದ್ದರೂ ಗಂಡುಮಕ್ಕಳಷ್ಟೇ ಸಹಿ ಮಾಡಿ ಹೊಲ ಮಾರುವುದು ನಡೆದೇ ಇದೆ. ಮಾರುವವರ ವಂಶಾವಳಿಯನ್ನು ಕೇಳಿ ಪಡೆದು, ಊರಿನ ಹಿರಿಯರ ಬಳಿ ಕುಳಿತು, "ಇವರ ಮನಿಯಾಗ ಹೆಣಮಕ್ಕಳು ಎಷ್ಟು ಮಂದಿ? ಎಲ್ಲಿಗೆ ಕೊಟ್ಟಾರ?" ಎಂದು ವಿಚಾರಿಸುವುದು ಯಾವ ವಕೀಲರ ಅಭಿಪ್ರಾಯಕ್ಕೂ ಕಡಿಮೆಯದಲ್ಲ. ಹಾಗೆಂದು ವಕೀಲರನ್ನು ಬಿಡಬಾರದು. ಆದರೆ ಮಾರುವವರು ಗೊತ್ತುಮಾಡಿದ ವಕೀಲರು ಬೇಡ.

ಪಾಠಶಾಲೆಯಲ್ಲಿ ನಮಗೆ ಪ್ರಮಾಣಗಳನ್ನು ಹೇಳಿಕೊಡುವಾಗ ಪ್ರತ್ಯಕ್ಷವನ್ನು ಮೊದಲು ಹೇಳಿದರು. ಕಾಗದವೆಂಬುದು ಶಬ್ದಪ್ರಮಾಣ, ಅದು ಎಷ್ಟು ಶುದ್ಧವಾಗಿದ್ದರೂ ನೆಲದ ಮೇಲೆ ಕಾಲಿಡದೆ ನಿರ್ಣಯಕ್ಕೆ ಬರಲಾಗದು. ತರುಣನಿಗೆ ಒಂದು ಜಾಗ ಬಹಳ ಹಿಡಿಸಿತ್ತು. 2 ಎಕರೆ 14 ಗುಂಟೆ ಹೊಲ. ಪ್ಲಾಟು ಹಾಕಲಿದ್ದೇವೆ, ನೀವೂ ಪಾಲುದಾರರಾಗಿರಿ ಎಂದು ಒಬ್ಬರು ಕರೆದಿದ್ದರು. ಅವನ ಲೆಕ್ಕ ಹೀಗಿತ್ತು: ಒಂದು ಎಕರೆಗೆ 40 ಗುಂಟೆ, ಗುಂಟೆಗೆ 1,089 ಚದರಡಿ, ಅಂದರೆ ಎಕರೆಗೆ 43,560 ಚದರಡಿ. ಮೂವತ್ತು ನಲವತ್ತರ ಪ್ಲಾಟಿಗೆ 1,200 ಚದರಡಿ. ಆದುದರಿಂದ ಎಕರೆಗೆ ಮೂವತ್ತಾರು ಪ್ಲಾಟು! ರಸ್ತೆ, ಉದ್ಯಾನ, ಸಾರ್ವಜನಿಕ ಸೌಕರ್ಯಗಳ ಜಾಗ ಬಿಟ್ಟ ಮೇಲೆ ಮಾರಲು ಉಳಿಯುವುದು ಅರ್ಧಕ್ಕಿಂತ ತುಸು ಹೆಚ್ಚು, ಅಂದರೆ ಇಪ್ಪತ್ತರ ಆಸುಪಾಸು ಎಂದಾಗ ಅವನ ಮುಖ ಸಣ್ಣದಾಯಿತು. ಉತಾರದ ಮೂರನೆಯ ಕಲಮನ್ನು ಅವನಿಂದಲೇ ಓದಿಸಿದೆವು. ಅಲ್ಲಿ 'ಬ' ಖರಾಬು 6 ಗುಂಟೆ ಎಂದಿತ್ತು. ಖರಾಬಿನಲ್ಲಿ ಎರಡು ಬಗೆ. 'ಅ' ಖರಾಬು ಕಲ್ಲು ದಿಬ್ಬಗಳಿಂದ ಸಾಗುವಳಿಗೆ ಬಾರದ್ದು. 'ಬ' ಖರಾಬು ಹಳ್ಳ, ದಾರಿ, ಸ್ಮಶಾನ ಮುಂತಾಗಿ ಸಾರ್ವಜನಿಕರಿಗೆ ಮೀಸಲಾದದ್ದು. ಅದನ್ನು ಯಾರೂ ಮಾರುವಂತಿಲ್ಲ.

ಆಷಾಢದ ಒಂದು ಮಳೆಯ ಮರುದಿನ ಅವನನ್ನು ಆ ಹೊಲಕ್ಕೆ ಕಳುಹಿಸಿದೆವು. ಬೇಸಗೆಯಲ್ಲಿ ಹಾದಿಯಂತೆ ಕಂಡಿದ್ದ ತಗ್ಗಿನಲ್ಲಿ ಮೊಣಕಾಲುಮಟ ನೀರು ಹರಿಯುತ್ತಿತ್ತಂತೆ. ಬಣ್ಣದ ನಕ್ಷೆಯಲ್ಲಿ ಆ ಹಳ್ಳದ ಮೇಲೆ ಐದು ಪ್ಲಾಟುಗಳಿಗೆ ಸಂಖ್ಯೆ ಬಿದ್ದಿತ್ತು. ಅವನು ಮರಳಿ ಬಂದಾಗ ಬೂಟಿನಲ್ಲಿ ಒಂದೊಂದು ಸೇರು ಎರೆಮಣ್ಣು ಮೆತ್ತಿಕೊಂಡಿತ್ತು. ಅದೂ ಒಂದು ಪಾಠವೇ. ನಮ್ಮ ಎರೆಭೂಮಿ ಮಳೆಗೆ ಉಬ್ಬಿ, ಬೇಸಗೆಗೆ ಕುಗ್ಗಿ ಬಿರಿಯುತ್ತದೆ. ಅದರ ಮೇಲೆ ಕಟ್ಟಿದ ಮನೆಗೆ ಬುನಾದಿ ಸರಿಯಿಲ್ಲದಿದ್ದರೆ ಗೋಡೆಗಳೂ ಬಿರಿಯುತ್ತವೆ. ಮಸಾರಿ ನೆಲಕ್ಕಿಂತ ಎರೆ ನೆಲದಲ್ಲಿ ಬುನಾದಿಯ ಖರ್ಚು ಹೆಚ್ಚು. ಪ್ಲಾಟಿನ ಬೆಲೆಯನ್ನು ಹೋಲಿಸುವವರು ಈ ಖರ್ಚನ್ನು ಕೂಡಿಸಿ ಹೋಲಿಸುವುದನ್ನು ನಾವು ಕಂಡಿಲ್ಲ.

ಇನ್ನು ಕೆಲವನ್ನು ಬೇಗನೆ ಹೇಳಿ ಮುಗಿಸುತ್ತೇವೆ. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳಬಾರದೆಂಬ ನಿರ್ಬಂಧವನ್ನು 2020ರಲ್ಲಿ ತೆಗೆದುಹಾಕಿದ ಮೇಲೆ ಪಟ್ಟಣದವರು ಹಳ್ಳಿಗಳತ್ತ ಧಾವಿಸುತ್ತಿದ್ದಾರೆ. ಆದರೆ ಕೊಂಡ ಮಾತ್ರಕ್ಕೆ ಅದು ಮನೆ ಕಟ್ಟುವ ಜಾಗವಾಗುವುದಿಲ್ಲ, ಭೂಪರಿವರ್ತನೆ ಬೇಕೇ ಬೇಕು. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಕೊಳ್ಳುವುದಾದರೆ 11ಇ ನಕ್ಷೆ ಆಗಿರಬೇಕು. ಮೋಜಣಿ ಮಾಡಿಸಿ ಬಾಂದುಗಲ್ಲುಗಳನ್ನು ಕಣ್ಣಾರೆ ಕಾಣಬೇಕು. ಪತ್ರದ ಚಕ್ಕುಬಂದಿಯಲ್ಲಿ ಹೆಸರಿರುವ ಅಕ್ಕಪಕ್ಕದವರನ್ನು ಮಾತನಾಡಿಸಬೇಕು, ಅವರಿಗೆ ತಿಳಿಯದ ತಕರಾರು ಯಾವುದೂ ಇರುವುದಿಲ್ಲ. ಮಹಾಯೋಜನೆಯ ನಕ್ಷೆಯಲ್ಲಿ ಆ ಜಾಗಕ್ಕೆ ವಸತಿಯ ಹಳದಿ ಬಣ್ಣವಿದೆಯೋ ಹಸಿರು ಬಣ್ಣವಿದೆಯೋ ನೋಡಬೇಕು. 500 ಚದರ ಮೀಟರಿಗೆ ಮೇಲ್ಪಟ್ಟ ಬಡಾವಣೆಯಾದರೆ 2016ರ ರೇರಾ ಕಾಯಿದೆಯಂತೆ ಅದು ನೋಂದಣಿಯಾಗಿರಬೇಕು. ಕೊಳ್ಳುವವರಿಂದ ಬಂದ ಹಣದಲ್ಲಿ ನೂರಕ್ಕೆ ಎಪ್ಪತ್ತನ್ನು ಬೇರೆ ಖಾತೆಯಲ್ಲಿ ಇಡಬೇಕು. ಕರಾರನ್ನು ನೋಂದಣಿ ಮಾಡಿಕೊಡದೆ ಬೆಲೆಯ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ಹಣ ಕೇಳುವಂತಿಲ್ಲ. ಇದನ್ನು ಬಲ್ಲವನೆಂದು ತಿಳಿದರೆ ಎಷ್ಟೋ ದಲ್ಲಾಳಿಗಳು ಎರಡನೆಯ ಸಲ ಫೋನು ಮಾಡುವುದಿಲ್ಲ!

ಶಿಕ್ಷಕರ ದಾವೆ ಇನ್ನೂ ನಡೆದಿದೆ. ಅವರು ಈಗ ಬಾಡಿಗೆ ಮನೆಯಲ್ಲಿದ್ದಾರೆ. ತಿಂಗಳಿಗೊಮ್ಮೆ ಮಠಕ್ಕೆ ಬಂದಾಗ ನಮ್ಮಲ್ಲಿಗೆ ಬಂದಿರುವ ಪ್ಲಾಟಿನ ಕಾಗದಗಳನ್ನು ಅವರೂ ಓದುತ್ತಾರೆ. ಬಂದವರಿಗೆ ತಮ್ಮ ಕಥೆಯನ್ನು ನಾಚಿಕೆಪಡದೆ ಹೇಳುತ್ತಾರೆ. ನಾವು ಅವರನ್ನು ಹಾಗೆ ಮಾಡೆಂದು ಕೇಳಿರಲಿಲ್ಲ.

ತರುಣನು ಆರು ತಿಂಗಳಿಗೆ ಬದಲಾಗಿ ಹನ್ನೊಂದು ತಿಂಗಳು ಓದಿದ. ಹನ್ನೆರಡು ಜಾಗಗಳ ಕಾಗದ ನೋಡಿ ಹನ್ನೊಂದನ್ನು ಬಿಟ್ಟ. ಒಂದರ ಮಾತು ನಡೆದಿದೆ. ನಡುವೆ, ಅಭ್ಯಾಸಕ್ಕೆಂದು ತನ್ನ ತಂದೆಯೇ ಉಳುತ್ತಿರುವ ಹೊಲದ ಉತಾರವನ್ನೂ ತೆಗೆಸಿ ತಂದಿದ್ದ. ಒಂಬತ್ತನೆಯ ಕಲಮಿನಲ್ಲಿ ಇನ್ನೂ ಅಜ್ಜನ ಹೆಸರೇ ಇತ್ತು. ಅಜ್ಜ ತೀರಿಕೊಂಡು ಇಪ್ಪತ್ತೆರಡು ವರ್ಷ. "ವಾರಸಾ ಮಾಡಿಸೇ ಇಲ್ರಿ ಅಜ್ಜಾರ" ಎಂದು ಬೆವರು ಒರೆಸಿಕೊಂಡ. ತಂದೆಗೆ ಒಬ್ಬ ತಮ್ಮ, ಇಬ್ಬರು ಅಕ್ಕಂದಿರು. ಮೊದಲು ಅದನ್ನು ಸರಿಪಡಿಸುವುದಾಗಿ ಹೇಳಿ, ಕಾಕಾನೊಡನೆ ತಹಶೀಲ್ದಾರರ ಕಚೇರಿಗೆ ಹೋಗಿ ಬಂದಿದ್ದಾನೆ. ಹಿರಿಯ ಸೋದರತ್ತೆ ಒಪ್ಪಿದ್ದಾರೆ. ಕಿರಿಯವರು ಸೊಲ್ಲಾಪುರದಲ್ಲಿದ್ದಾರೆ, ಪಾಲು ಹಂಚಿಕೆಯ ಮಾತನ್ನು ಎದುರಿಗೆ ಕುಳಿತೇ ಆಡಬೇಕೆಂದು, ಪಂಚಮಿ ಹಬ್ಬಕ್ಕೆ ತವರಿಗೆ ಬರುವುದಾಗಿ ಹೇಳಿಕಳುಹಿಸಿದ್ದಾರೆ.